ಯಂತ್ರಗಳೊಡನೆ ಮಾತನಾಡುವ ಕಿಟಕಿ

ಮಾತು ಮನುಷ್ಯನಿಗೆ ಮಾತ್ರವೇ ಸಿದ್ಧಿಸಿದ ವರವೆಂದು ನಮ್ಮ ಹಿರಿಯರು ಭಾವಿಸಿದ್ದರು. ಇಂದಾದರೋ ನಮ್ಮ ಸುತ್ತಮುತ್ತಲಿನ ಅನೇಕ ಯಂತ್ರಗಳು ತಮ್ಮದೇ ಆದ ರೀತಿಯಲ್ಲಿ ಮಾತನಾಡಲು ಸಿದ್ಧವಾಗಿ ನಿಂತಿವೆ. ಬ್ಯಾಂಕಿನ ಅಥವಾ ಶಾಲೆಯ ಗೋಡೆಗೆ ತಗುಲಿಸಿದ ರೂಟರ್ ಎಂಬ ಪುಟ್ಟ ಪೆಟ್ಟಿಗೆ, ಪ್ರಯೋಗಶಾಲೆಯ ವಿದ್ಯುನ್ಮಾನ ತಕ್ಕಡಿ, ಕಾರ್ಖಾನೆಯ ನಿಯಂತ್ರಕ, ವಿದ್ಯಾರ್ಥಿಗಳು ಕೈಯಾಡಿಸುವ ಆರ್ಡುಯಿನೊ, ರಾಸ್ಪ್‌ಬೆರಿ ಪೈ ಮೊದಲಾದ ಫಲಕಗಳು—ಇವುಗಳಲ್ಲಿ ಹೆಚ್ಚಿನವಕ್ಕೆ ಸ್ವಂತದ ಕೀಲಿಮಣೆಯಾಗಲಿ, ಓದಲು ತಕ್ಕ ಪರದೆಯಾಗಲಿ ಇರುವುದಿಲ್ಲ. ಆದರೂ ಅವುಗಳ ಯೋಗಕ್ಷೇಮವನ್ನು ವಿಚಾರಿಸಬೇಕಾಗುತ್ತದೆ. ಕೆಟ್ಟಾಗ ಕಾರಣವನ್ನು ಕೇಳಬೇಕಾಗುತ್ತದೆ. ಹೊಸ ಆಜ್ಞೆಗಳನ್ನು ಕೊಡಬೇಕಾಗುತ್ತದೆ. ಆಗ ನಮ್ಮ ಕಂಪ್ಯೂಟರಿನ ಪರದೆಯ ಮೇಲೆ ತೆರೆಯುವ ಒಂದು ಸರಳವಾದ ಕಪ್ಪು ಕಿಟಕಿಯೇ ನಮಗೂ ಆ ಯಂತ್ರಕ್ಕೂ ನಡುವಣ ದುಭಾಷಿಯಾಗಿ ಕೆಲಸಮಾಡುತ್ತದೆ. ಇದಕ್ಕೆ ಟರ್ಮಿನಲ್ ತಂತ್ರಾಂಶವೆಂದು ಹೆಸರು.

ನೋಡಲು ಈ ಕಿಟಕಿ ಬಲು ಸಾಮಾನ್ಯ. ಚಿತ್ರವಿಲ್ಲ, ಬಣ್ಣವಿಲ್ಲ, ಬರಿಯ ಅಕ್ಷರಗಳ ಸಾಲು. ಆದರೆ ಯಂತ್ರಗಳ ಒಡೆತನವನ್ನೇ ಒಪ್ಪಿಸುವ ಗುಪ್ತಪದಗಳನ್ನು ನಾವು ಬೆರಳಚ್ಚಿಸುವುದು ಇದೇ ಕಿಟಕಿಯಲ್ಲಿ. ದುಭಾಷಿಯು ಪ್ರಾಮಾಣಿಕನಾಗಿರದಿದ್ದರೆ ಸಂಭಾಷಣೆಯ ಗತಿಯೇನು? ಆದುದರಿಂದ ಈ ತಂತ್ರಾಂಶವು ಹೇಗೆ ಕೆಲಸಮಾಡುತ್ತದೆಂಬುದರ ಜೊತೆಗೆ, ಅದನ್ನು ನಂಬುವುದು ಯಾವ ಆಧಾರದ ಮೇಲೆ ಎಂಬುದನ್ನೂ ವಿಚಾರಮಾಡುವುದು ಅವಶ್ಯಕ.

ಹೆಸರಿನ ಹಿಂದಿನ ಚರಿತ್ರೆ

ಟರ್ಮಿನಲ್ ಎಂದರೆ ತುದಿ ಎಂದರ್ಥ. ಒಂದು ಕಾಲಕ್ಕೆ ಇದು ನಿಜವಾಗಿಯೂ ತಂತಿಯ ತುದಿಯಲ್ಲಿ ಕುಳಿತಿರುತ್ತಿದ್ದ ಭಾರವಾದ ಯಂತ್ರವಾಗಿತ್ತು. ೧೯೬೩ರಲ್ಲಿ ಅಮೆರಿಕದ ಟೆಲಿಟೈಪ್ ಸಂಸ್ಥೆಯು 'ಮಾದರಿ ೩೩' ಎಂಬ ದೂರಮುದ್ರಕವನ್ನು ಹೊರತಂದಿತು. ಬೆರಳಚ್ಚು ಯಂತ್ರದಂತಿದ್ದ ಇದರ ಕೀಲಿಯನ್ನು ಒತ್ತಿದರೆ ಅಕ್ಷರವು ವಿದ್ಯುತ್ ಸಂಕೇತವಾಗಿ ತಂತಿಯಲ್ಲಿ ಹರಿಯುತ್ತಿತ್ತು; ಆ ಕಡೆಯಿಂದ ಬಂದ ಸಂಕೇತವು ಕಾಗದದ ಮೇಲೆ ಅಚ್ಚಾಗುತ್ತಿತ್ತು. ಇದರ ವೇಗ ಸೆಕೆಂಡಿಗೆ ಹತ್ತೇ ಹತ್ತು ಅಕ್ಷರ. ೧೯೬೯ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬವರು ಯುನಿಕ್ಸ್ ವ್ಯವಸ್ಥೆಯನ್ನು ಕಟ್ಟತೊಡಗಿದಾಗ ಕಂಪ್ಯೂಟರಿನೊಡನೆ ವ್ಯವಹರಿಸಲು ಇಂಥ ದೂರಮುದ್ರಕಗಳೇ ಒದಗಿದುವು. ಟೆಲಿಟೈಪ್ ಎಂಬುದರ ಸಂಕ್ಷೇಪವಾದ 'ಟಿಟಿವೈ' ಎಂಬ ಮೂರಕ್ಷರವು ಅಂದಿನಿಂದ ಯುನಿಕ್ಸಿನಲ್ಲಿಯೂ ಅದರ ದಾರಿಯಲ್ಲಿ ಬಂದ ಲಿನಕ್ಸಿನಲ್ಲಿಯೂ ಉಳಿದುಕೊಂಡು ಬಂದಿದೆ.

೧೯೭೮ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್ ಎಂಬ ಸಂಸ್ಥೆಯು ವಿಟಿ ೧೦೦ ಎಂಬ ಟರ್ಮಿನಲನ್ನು ಮಾರುಕಟ್ಟೆಗೆ ತಂದಿತು. ಕಾಗದದ ಬದಲು ಗಾಜಿನ ಪರದೆ. ಸಾಲಿಗೆ ೮೦ ಅಕ್ಷರಗಳಂತೆ ೨೪ ಸಾಲು. ಪರದೆಯನ್ನು ಅಳಿಸು, ಇಂಥ ಸಾಲಿನ ಇಂಥ ಸ್ಥಾನಕ್ಕೆ ಹೋಗು, ಅಕ್ಷರವನ್ನು ದಪ್ಪಗೆ ತೋರಿಸು ಎಂಬಿವೇ ಮೊದಲಾದ ಅಪ್ಪಣೆಗಳನ್ನು ಅಕ್ಷರಗಳ ಪ್ರವಾಹದಲ್ಲಿಯೇ ಸೇರಿಸಿ ಕಳುಹಿಸುವ ಕ್ರಮವನ್ನು ಅದು ಜನಪ್ರಿಯಗೊಳಿಸಿತು. ಆ ಯಂತ್ರವು ಮೂಲೆ ಸೇರಿ ಬಹುಕಾಲವಾಯಿತು. ಆದರೆ ಇಂದಿನ ಟರ್ಮಿನಲ್ ತಂತ್ರಾಂಶವು ಮಾಡುವ ಕೆಲಸವೆಂದರೆ ಅದರ ಮತ್ತು ಅದರ ವಂಶದ ಯಂತ್ರಗಳ ವೇಷವನ್ನು ಧರಿಸಿ ನಟಿಸುವುದೇ ಆಗಿದೆ. ಯಕ್ಷಗಾನದಲ್ಲಿ ಪಾತ್ರಧಾರಿಯು ರಾಜನ ವೇಷದಲ್ಲಿ ಬಂದಾಗ ಉಳಿದ ಪಾತ್ರಗಳು ಅವನನ್ನು ರಾಜನೆಂದೇ ನಡೆಸಿಕೊಳ್ಳುವಂತೆ, ಆ ಕಡೆಯ ಯಂತ್ರವು ತನ್ನೆದುರು ಹಳೆಯ ಟರ್ಮಿನಲ್ಲೇ ಇದೆಯೆಂದು ನಂಬಿ ವ್ಯವಹರಿಸುತ್ತದೆ.

ತಂತಿಯಲ್ಲಿ ಅಕ್ಷರವು ಸಾಗುವ ಬಗೆ

ಹತ್ತಿರದ ಯಂತ್ರವನ್ನು ಮಾತನಾಡಿಸಲು ಸೀರಿಯಲ್ ಸಂಪರ್ಕವನ್ನು ಉಪಯೋಗಿಸುತ್ತಾರೆ. ಸೀರಿಯಲ್ ಎಂದರೆ ಒಂದರ ಹಿಂದೆ ಒಂದು. ಅಗಲವಾದ ರಸ್ತೆಯಲ್ಲಿ ಎಂಟು ಜನ ಸಾಲಾಗಿ ನಡೆಯಬಹುದು. ಕಾಲುಸಂಕದ ಮೇಲಾದರೆ ಒಬ್ಬರ ಹಿಂದೊಬ್ಬರು ನಡೆಯಬೇಕು. ಅದರಂತೆ ಒಂದು ಅಕ್ಷರದ ಎಂಟು ಬಿಟ್‌ಗಳು ಒಂದೇ ತಂತಿಯಲ್ಲಿ ಕ್ರಮವಾಗಿ ಸಾಗುತ್ತವೆ. ಹೋಗಲು ಒಂದು ತಂತಿ, ಬರಲು ಒಂದು, ಎರಡಕ್ಕೂ ಸಮಾನವಾದ ಭೂತಂತಿಯೊಂದು—ಈ ಮೂರಿದ್ದರೆ ಸಾಕು. ಇಂಥ ಸಂಪರ್ಕಕ್ಕೆ ಅಮೆರಿಕದಲ್ಲಿ ೧೯೬೦ರಲ್ಲಿ ಆರ್‌ಎಸ್-೨೩೨ ಎಂಬ ಪ್ರಮಾಣವು ಗೊತ್ತಾಯಿತು. ಅರುವತ್ತು ವರ್ಷಗಳಿಗೂ ಮಿಕ್ಕಿ ಅದು ಬಾಳಿ ಬಂದಿರುವುದಕ್ಕೆ ಅದರ ಸರಳತೆಯೇ ಕಾರಣವೆನ್ನಬೇಕು.

ಕೇಳುವ ಯಂತ್ರಕ್ಕೆ ಅಕ್ಷರವು ಆರಂಭವಾದುದು ತಿಳಿಯುವುದು ಹೇಗೆ? ಮಾತಿಲ್ಲದಿರುವಾಗ ತಂತಿಯು '೧' ಎಂಬ ಸ್ಥಿತಿಯಲ್ಲಿರುತ್ತದೆ. ಅಕ್ಷರಕ್ಕೆ ಮುನ್ನ ಒಂದು ಬಿಟ್‌ನಷ್ಟು ಹೊತ್ತು ಅದು '೦' ಸ್ಥಿತಿಗೆ ಇಳಿಯುತ್ತದೆ. ಇದು ಆರಂಭದ ಬಿಟ್. ಅನಂತರ ಅಕ್ಷರದ ಎಂಟು ಬಿಟ್‌ಗಳು. ಕೊನೆಗೆ ತಂತಿಯು ಪುನಃ '೧'ಕ್ಕೆ ಏರುವ ಮುಕ್ತಾಯದ ಬಿಟ್. ಹೀಗೆ ಒಂದು ಅಕ್ಷರಕ್ಕೆ ಒಟ್ಟು ಹತ್ತು ಬಿಟ್‌ಗಳಾದುವು. ಎರಡು ಯಂತ್ರಗಳ ನಡುವೆ ಗಡಿಯಾರದ ತಂತಿಯೆಂಬುದಿಲ್ಲ. ಹಾಡುವವರೂ ಮೃದಂಗ ನುಡಿಸುವವರೂ ಒಂದೇ ತಾಳವನ್ನು ಮನಸ್ಸಿನಲ್ಲಿಟ್ಟುಕೊಂಡಿರುವಂತೆ, ಎರಡೂ ಕಡೆಯವರು ಮೊದಲೇ ಒಂದು ವೇಗವನ್ನು ಒಪ್ಪಿಕೊಂಡಿರಬೇಕು. ಪ್ರತಿಯೊಂದು ಅಕ್ಷರದ ಆರಂಭದ ಬಿಟ್ ಬಂದಾಗಲೂ ಕೇಳುವ ಯಂತ್ರವು ತನ್ನ ತಾಳವನ್ನು ಹೊಸದಾಗಿ ಹಿಡಿಯುವುದರಿಂದ ಗಡಿಯಾರಗಳಲ್ಲಿ ಅತ್ಯಲ್ಪ ಅಂತರವಿದ್ದರೆ ಬಾಧಕವಿಲ್ಲ. ಹತ್ತು ಬಿಟ್‌ಗಳ ಅವಧಿಯಲ್ಲಿ ಆ ಅಂತರವು ಅರ್ಧ ಬಿಟ್‌ನಷ್ಟಾದರೆ ಮಾತ್ರ ಓದು ತಪ್ಪುತ್ತದೆ.

ಈ ವೇಗವನ್ನು 'ಬಾಡ್' ಎಂಬ ಮಾನದಿಂದ ಹೇಳುವ ರೂಢಿಯಿದೆ. ತಂತಿ ಸಮಾಚಾರಕ್ಕೆ ಐದು ಘಟಕಗಳ ಸಂಕೇತವನ್ನು ರೂಪಿಸಿದ ಫ್ರಾನ್ಸ್ ದೇಶದ ಎಮಿಲ್ ಬೋದೊ ಎಂಬವನ ಹೆಸರಿನಿಂದ ಈ ಪದವು ಬಂದಿದೆ. ಬಹು ರೂಢಿಯ ವೇಗ ೯೬೦೦. ಅಂದರೆ ಸೆಕೆಂಡಿಗೆ ೯೬೦೦ ಬಿಟ್. ಅಕ್ಷರಕ್ಕೆ ಹತ್ತರಂತೆ ಭಾಗಿಸಿದರೆ ೯೬೦ ಅಕ್ಷರ. ವಿಟಿ ೧೦೦ರ ಪರದೆಯನ್ನು ತುಂಬಲು ೮೦ನ್ನು ೨೪ರಿಂದ ಗುಣಿಸಿದಾಗ ಬರುವ ೧೯೨೦ ಅಕ್ಷರಗಳು ಬೇಕು. ಅದಕ್ಕೆ ಸರಿಯಾಗಿ ಎರಡು ಸೆಕೆಂಡು ಹಿಡಿಯುತ್ತದೆ. ಇಂದಿನ ಫಲಕಗಳಲ್ಲಿ ೧,೧೫,೨೦೦ ಎಂಬ ವೇಗವೂ ಸಾಮಾನ್ಯವಾಗಿದೆ.

ಕಿಟಕಿಯು ತೋರುವ ಲಕ್ಷಣಗಳು

ವೈದ್ಯನು ನಾಡಿಯನ್ನು ಹಿಡಿದು ರೋಗವನ್ನು ಊಹಿಸುವಂತೆ, ಈ ಕಿಟಕಿಯಲ್ಲಿ ಕಾಣುವ ಲಕ್ಷಣಗಳಿಂದ ದೋಷವನ್ನು ಊಹಿಸಬಹುದು. ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು ಬಂದರೆ ಮೊದಲು ಸಂದೇಹಿಸಬೇಕಾದುದು ವೇಗವನ್ನು. ಏನೂ ಬಾರದಿದ್ದರೆ, ಕಳುಹಿಸುವ ತಂತಿಯು ಆ ಕಡೆಯ ಕೇಳುವ ತಂತಿಗೆ ಸೇರಿದೆಯೇ ಎಂದು ನೋಡಬೇಕು. ಬಾಯಿಗೆ ಬಾಯಿ, ಕಿವಿಗೆ ಕಿವಿ ಸೇರಿದರೆ ಸಂಭಾಷಣೆ ನಡೆಯುವುದುಂಟೆ? ಒತ್ತಿದ ಅಕ್ಷರಗಳೆಲ್ಲ ಜೋಡಿ ಜೋಡಿಯಾಗಿ ಕಂಡರೆ, ನಮ್ಮ ತಂತ್ರಾಂಶವೂ ಆ ಕಡೆಯ ಯಂತ್ರವೂ ಎರಡೂ ಅದನ್ನು ಪ್ರತಿಧ್ವನಿಸುತ್ತಿವೆ ಎಂದರ್ಥ. ಸಾಲುಗಳು ಮೆಟ್ಟಿಲಿನಂತೆ ಓರೆಯಾಗಿ ಇಳಿದರೆ, ಹೊಸ ಸಾಲಿನ ಸಂಕೇತದಲ್ಲಿ ವ್ಯತ್ಯಾಸವಿದೆ. ದೂರಮುದ್ರಕದಲ್ಲಿ ಅಚ್ಚಿನ ಭಾಗವನ್ನು ಎಡಕ್ಕೆ ತರುವುದಕ್ಕೆ ಒಂದು ಸಂಕೇತವೂ (೧೩), ಕಾಗದವನ್ನು ಒಂದು ಸಾಲು ಮೇಲಕ್ಕೆ ಸರಿಸುವುದಕ್ಕೆ ಇನ್ನೊಂದು ಸಂಕೇತವೂ (೧೦) ಇದ್ದುವು. ಕಾಗದವು ಹೋದರೂ ಆ ಎರಡು ಸಂಕೇತಗಳು ಹೋಗಲಿಲ್ಲ. ಒಂದೇ ಬಂದು ಇನ್ನೊಂದು ಬಾರದಿದ್ದಾಗ ಈ ಮೆಟ್ಟಿಲು ಕಾಣಿಸಿಕೊಳ್ಳುತ್ತದೆ.

ಮತ್ತೊಂದು ತೊಡಕು ಹೊಸಬರನ್ನು ಬಹಳ ಕಾಡುತ್ತದೆ. ಅಕಸ್ಮಾತ್ತಾಗಿ ಕಂಟ್ರೋಲ್ ಮತ್ತು ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಪರದೆಯು ಸ್ತಬ್ಧವಾಗಬಹುದು. ಅದು ಕೆಟ್ಟಿರುವುದಿಲ್ಲ, 'ತಾಳು' ಎಂಬ ಹಳೆಯ ಸಂಕೇತಕ್ಕೆ ಮನ್ನಣೆ ಕೊಟ್ಟು ಕಾಯುತ್ತಿರುತ್ತದೆ, ಅಷ್ಟೇ. ಕಂಟ್ರೋಲ್ ಮತ್ತು ಕ್ಯೂ ಒತ್ತಿದೊಡನೆ ಮಾತು ಮುಂದುವರಿಯುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಆರ್‌ಎಸ್-೨೩೨ ಸಂಪರ್ಕದಲ್ಲಿ ಸಂಕೇತದ ವಿದ್ಯುತ್ತು ಧನ ಋಣ ಎರಡೂ ದಿಕ್ಕುಗಳಲ್ಲಿ ೩ರಿಂದ ೧೫ ವೋಲ್ಟಿನವರೆಗೆ ಇರುತ್ತದೆ. ಚಿಕ್ಕ ಫಲಕಗಳಾದರೋ ೩.೩ ಅಥವಾ ೫ ವೋಲ್ಟನ್ನು ಮಾತ್ರ ತಾಳಬಲ್ಲವು. ಎರಡನ್ನೂ ನೇರವಾಗಿ ಕೂಡಿಸಿದರೆ ಫಲಕವು ಸುಟ್ಟುಹೋಗುವ ಸಂಭವವಿದೆ. ಇಂದಿನ ಕಂಪ್ಯೂಟರುಗಳಲ್ಲಿ ಹಳೆಯ ಸೀರಿಯಲ್ ಕಿಂಡಿಯು ಅಪರೂಪವಾದುದರಿಂದ ಯುಎಸ್‌ಬಿ ಪರಿವರ್ತಕವನ್ನು ಕೊಳ್ಳಬೇಕಾಗುತ್ತದೆ. ಕೊಳ್ಳುವ ಮುನ್ನ ಅದು ಯಾವ ವೋಲ್ಟಿನದೆಂದು ವಿಚಾರಿಸಿಕೊಳ್ಳುವುದು ವಿಹಿತ.

ದೂರದ ಯಂತ್ರದೊಡನೆ ಸಂಭಾಷಣೆ

ಯಂತ್ರವು ಪಕ್ಕದ ಮೇಜಿನ ಮೇಲಿಲ್ಲದೆ ಬೇರೊಂದು ಊರಿನಲ್ಲಿದ್ದರೆ ತಂತಿಯ ಬದಲು ಜಾಲದ ಮೂಲಕ ಮಾತನಾಡಬೇಕು. ಅಂತರಜಾಲದ ಮೊದಲ ದಿನಗಳಿಂದ ಇದಕ್ಕೆ ಟೆಲ್‌ನೆಟ್ ಎಂಬ ಕ್ರಮವಿತ್ತು. ಅದರಲ್ಲೊಂದು ದೊಡ್ಡ ಕೊರತೆ: ನಾವು ಬೆರಳಚ್ಚಿಸಿದ್ದೆಲ್ಲ, ಗುಪ್ತಪದವೂ ಸೇರಿದಂತೆ, ತೆರೆದ ಅಂಚೆಕಾರ್ಡಿನಂತೆ ಸಾಗುತ್ತಿತ್ತು, ದಾರಿಯಲ್ಲಿ ಕೈಗೆ ಸಿಕ್ಕಿದವರೆಲ್ಲರೂ ಓದಬಹುದಾಗಿತ್ತು. ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಹೀಗೆ ಗುಪ್ತಪದಗಳ ಕಳವು ನಡೆದ ಮೇಲೆ, ಅಲ್ಲಿದ್ದ ತಾತು ಯೂಲೊನೆನ್ ಎಂಬವರು ೧೯೯೫ರಲ್ಲಿ ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಕ್ರಮವನ್ನು ರಚಿಸಿದರು. ಇದರಲ್ಲಿ ಎರಡು ಕಡೆಯವರು ಮೊದಲು ಒಂದು ರಹಸ್ಯ ಕೀಲಿಯನ್ನು ಗಣಿತದ ಮೂಲಕ ಗೊತ್ತುಮಾಡಿಕೊಂಡು, ಅನಂತರದ ಮಾತೆಲ್ಲವನ್ನೂ ಗೂಢಲಿಪಿಯಲ್ಲಿ ನಡೆಸುತ್ತಾರೆ.

ಅಪರಿಚಿತವಾದ ಯಂತ್ರವನ್ನು ಮೊದಲ ಸಲ ಸಂಪರ್ಕಿಸಿದಾಗ ಕಿಟಕಿಯು ಆ ಯಂತ್ರದ ಕೀಲಿಯ 'ಬೆರಳಿನ ಗುರುತ'ನ್ನು ತೋರಿಸಿ, 'ಇದನ್ನು ನಂಬುವಿರಾ?' ಎಂದು ಕೇಳುತ್ತದೆ. ಓದದೆಯೇ ಹೌದೆಂದು ಒತ್ತಿಬಿಡುವವರೇ ಹೆಚ್ಚು. ಅದು ಅಪರಿಚಿತನಿಗೆ ಹೆಸರನ್ನೂ ಕೇಳದೆ ಮನೆಯ ಬೀಗದಕೈಯನ್ನು ಕೊಟ್ಟಂತೆ. ಯಂತ್ರವನ್ನು ನೋಡಿಕೊಳ್ಳುವವರಿಂದ ದೂರವಾಣಿಯ ಮೂಲಕವೋ ಕಾಗದದಲ್ಲಿಯೋ ಆ ಗುರುತನ್ನು ತರಿಸಿಕೊಂಡು ತಾಳೆನೋಡುವುದು ಸರಿಯಾದ ಕ್ರಮ. ಒಮ್ಮೆ ಒಪ್ಪಿದ ಮೇಲೆ ತಂತ್ರಾಂಶವು ಅದನ್ನು ನೆನಪಿಟ್ಟುಕೊಂಡು, ಮುಂದೆ ಬದಲಾಗಿ ಕಂಡರೆ ಎಚ್ಚರಿಸುತ್ತದೆ. ಆ ಎಚ್ಚರಿಕೆಯನ್ನು ಎಂದಿಗೂ ಉಪೇಕ್ಷಿಸಬಾರದು.

ಎರಡು ಪ್ರಸಿದ್ಧ ತಂತ್ರಾಂಶಗಳು

ಈ ಎಲ್ಲ ಬಗೆಯ ಸಂಪರ್ಕಗಳನ್ನೂ ಒಂದೇ ಕಿಟಕಿಯಲ್ಲಿ ಒದಗಿಸುವ ಮುಕ್ತ ತಂತ್ರಾಂಶಗಳಲ್ಲಿ 'ಪುಟಿ' ಬಹು ಪ್ರಸಿದ್ಧವಾದುದು. ಅದರ ಹೆಸರಿನ ಕೊನೆಯಲ್ಲಿಯೂ ಹಳೆಯ ಟಿಟಿವೈ ಅಡಗಿದೆ. ಇಂಗ್ಲೆಂಡಿನ ಸೈಮನ್ ಟಾಥಮ್ ಎಂಬವರು ಇದರ ಮುಖ್ಯ ಕರ್ತೃಗಳು. ತೊಂಬತ್ತರ ದಶಕದ ಕೊನೆಗೆ ಇದು ಸಾರ್ವಜನಿಕರಿಗೆ ದೊರೆಯಿತು. ಸೀರಿಯಲ್ ಸಂಪರ್ಕದ ಸೌಲಭ್ಯವು ೨೦೦೭ರಲ್ಲಿ ಕೂಡಿಕೊಂಡಿತು. ವಿಂಡೋಸ್ ಕಂಪ್ಯೂಟರಿನಲ್ಲಿ ಪರಿವರ್ತಕವನ್ನು ಚುಚ್ಚಿ, ಅದಕ್ಕೆ ದೊರೆತ 'ಕಾಮ್' ಸಂಖ್ಯೆಯನ್ನು ಡಿವೈಸ್ ಮ್ಯಾನೇಜರಿನಲ್ಲಿ ನೋಡಿಕೊಂಡು, ಪುಟಿಯಲ್ಲಿ ಸೀರಿಯಲ್ ಎಂಬುದನ್ನು ಆರಿಸಿ, ಆ ಸಂಖ್ಯೆಯನ್ನೂ ವೇಗವನ್ನೂ ತುಂಬಿದರೆ ಕಿಟಕಿಯು ತೆರೆಯುತ್ತದೆ.

ಎರಡನೆಯದು 'ಟೆರಾ ಟರ್ಮ್'. ಜಪಾನಿನ ತಕಾಶಿ ತೆರಾನಿಶಿ ಎಂಬವರು ತೊಂಬತ್ತರ ದಶಕದಲ್ಲಿ ಇದನ್ನು ರಚಿಸಿದರು. ಅವರು ಕೆಲಸವನ್ನು ನಿಲ್ಲಿಸಿದ ಮೇಲೆ ಯುತಾಕಾ ಹಿರಾತಾ ಎಂಬವರೂ ಅವರ ಸಂಗಡಿಗರೂ ೨೦೦೪ರಿಂದ ಅದನ್ನು ಮುಂದುವರಿಸಿದರು. ದಿನವೂ ಮಾಡಬೇಕಾದ ಆಜ್ಞೆಗಳನ್ನು ಬರೆದಿಟ್ಟು ತಾನಾಗಿ ನಡೆಯುವಂತೆ ಮಾಡುವ ಒಂದು ಪುಟ್ಟ ಭಾಷೆಯು ಇದರಲ್ಲಿದೆ. ಆರಂಭಿಸಿದವರು ಬಿಟ್ಟರೂ ಕೆಲಸವು ನಿಲ್ಲಲಿಲ್ಲವೆಂಬುದು ಇಲ್ಲಿ ಗಮನಾರ್ಹ. ಒಬ್ಬನು ತೋಡಿದ ಬಾವಿಯ ಹೂಳನ್ನು ಮುಂದಿನವರು ಎತ್ತುತ್ತ ಬರುವಂತೆ ಇದು ನಡೆದುಬಂದಿದೆ. ಲಿನಕ್ಸಿನಲ್ಲಿ ಕ್ಯೂಟ್‌ಕಾಮ್, ಜಿಟಿಕೆಟರ್ಮ್ ಮೊದಲಾದ ಇಂಥವೇ ಸಾಧನಗಳುಂಟು.

ಬೆಲೆ ತೆರಬೇಕಾಗಿಲ್ಲವೆಂಬುದಷ್ಟೇ ಮುಕ್ತ ತಂತ್ರಾಂಶದ ಲಕ್ಷಣವಲ್ಲ. ಧರ್ಮಾರ್ಥವಾಗಿ ದೊರೆತರೂ ಒಳಗೇನಿದೆಯೆಂದು ತೋರಿಸದ ತಂತ್ರಾಂಶಗಳು ಬೇಕಾದಷ್ಟಿವೆ. ಪುಟಿ ಮತ್ತು ಟೆರಾ ಟರ್ಮ್‌ಗಳಲ್ಲಾದರೋ ಅವುಗಳನ್ನು ಕಟ್ಟಿದ ಮೂಲ ಬರಹವನ್ನೇ, ಅಂದರೆ ಆಕರವನ್ನೇ, ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದುದನ್ನು ಹಂಚಬಹುದು. ಕರ್ತೃಗಳ ಹೆಸರನ್ನೂ ಅನುಮತಿಯ ವಾಕ್ಯವನ್ನೂ ಅಳಿಸಬಾರದೆಂಬುದು ಮುಖ್ಯವಾದ ನಿಬಂಧನೆ.

ತೆರೆದಿಟ್ಟ ಗ್ರಂಥದ ಗುಣದೋಷಗಳು

ಈ ಔದಾರ್ಯವನ್ನು ವಂಚಕರೂ ದುರುಪಯೋಗ ಪಡಿಸಿಕೊಂಡದ್ದುಂಟು. ಪುಟಿಯ ಆಕರವನ್ನು ತೆಗೆದುಕೊಂಡು, ಅದರಲ್ಲಿ ಗುಪ್ತಪದಗಳನ್ನು ಕದ್ದು ಕಳುಹಿಸುವ ಭಾಗವನ್ನು ಸೇರಿಸಿ ಹರಡಿದ ಕಪಟ ಪ್ರತಿಯೊಂದರ ವಿಷಯವನ್ನು ೨೦೧೫ರಲ್ಲಿ ಸಿಮ್ಯಾಂಟೆಕ್ ಸಂಸ್ಥೆಯು ಪ್ರಕಟಿಸಿತು. ಹೊರಗಿನಿಂದ ನೋಡಿದರೆ ಅದೂ ಪುಟಿಯೇ. ಆದುದರಿಂದ ತಂತ್ರಾಂಶವನ್ನು ಅದರ ಕರ್ತೃಗಳ ಸ್ವಂತ ತಾಣದಿಂದಲೇ ಪಡೆಯಬೇಕು. ಹುಡುಕಿದಾಗ ಮೊದಲು ಕಂಡ ಕೊಂಡಿಯನ್ನು ನಂಬಬಾರದು.

ಇನ್ನೊಂದು ಪ್ರಸಂಗವು ಇದಕ್ಕಿಂತಲೂ ಬೋಧಪ್ರದವಾಗಿದೆ. ಗುಪ್ತಪದದ ಬದಲು, ನಮ್ಮಲ್ಲಿಯೇ ಉಳಿಯುವ ಖಾಸಗಿ ಕೀಲಿಯಿಂದ ಗಣಿತದ ಸಹಿಯನ್ನು ಹಾಕಿ ಯಂತ್ರವನ್ನು ಪ್ರವೇಶಿಸುವ ಪದ್ಧತಿಯಿದೆ. ಇಂಥ ಕೀಲಿಗಳ ಒಂದು ಜಾತಿಯಲ್ಲಿ ಪ್ರತಿಯೊಂದು ಸಹಿಗೂ ಊಹಿಸಲಾಗದ ೫೨೧ ಬಿಟ್‌ಗಳ ಸಂಖ್ಯೆಯೊಂದು ಬೇಕು. ಪುಟಿಯು ಅದನ್ನು ೫೧೨ ಬಿಟ್‌ಗಳನ್ನು ಮಾತ್ರ ಕೊಡುವ ವಿಧಾನದಿಂದ ತಯಾರಿಸುತ್ತಿತ್ತು. ಹಾಗಾಗಿ ಮೊದಲ ಒಂಬತ್ತು ಬಿಟ್‌ಗಳು ಯಾವಾಗಲೂ ಸೊನ್ನೆಯೇ ಆಗಿರುತ್ತಿದ್ದುವು. ಒಂಬತ್ತೇ ಬಿಟ್‌ಗಳಲ್ಲವೇ ಎಂದು ಉದಾಸೀನ ಮಾಡುವಂತಿರಲಿಲ್ಲ; ಅಂಥ ಸುಮಾರು ಅರುವತ್ತು ಸಹಿಗಳು ಕೈಗೆ ಸಿಕ್ಕಿದರೆ ಖಾಸಗಿ ಕೀಲಿಯನ್ನೇ ಲೆಕ್ಕಹಾಕಿ ತೆಗೆಯಬಹುದಾಗಿತ್ತು. ಜರ್ಮನಿಯ ಬೋಖುಮ್ ನಗರದ ರೂರ್ ವಿಶ್ವವಿದ್ಯಾಲಯದ ಫಾಬಿಯನ್ ಬಾಯ್ಮರ್ ಮತ್ತು ಮಾರ್ಕುಸ್ ಬ್ರಿಂಕ್‌ಮನ್ ಎಂಬ ಸಂಶೋಧಕರು ಇದನ್ನು ಕಂಡುಹಿಡಿದರು. ೨೦೨೪ರ ಏಪ್ರಿಲ್ ತಿಂಗಳಿನಲ್ಲಿ ೦.೮೧ ಎಂಬ ಆವೃತ್ತಿಯಲ್ಲಿ ದೋಷವು ಪರಿಹಾರವಾಯಿತು. ಅದಕ್ಕೆ ಹಿಂದಿನ ಆವೃತ್ತಿಗಳಲ್ಲಿ, ೨೦೧೭ರ ೦.೬೮ರಿಂದ ತೊಡಗಿ, ಏಳು ವರ್ಷಗಳ ಕಾಲ ಅದು ಅಡಗಿ ಕುಳಿತಿತ್ತು. ಆ ಜಾತಿಯ ಕೀಲಿಗಳನ್ನು ಹಳೆಯ ಆವೃತ್ತಿಗಳಲ್ಲಿ ಬಳಸಿದವರೆಲ್ಲರೂ ಅವುಗಳನ್ನು ತ್ಯಜಿಸಬೇಕೆಂದು ಪುಟಿಯ ಕರ್ತೃಗಳೇ ಕಾರಣಸಹಿತವಾಗಿ ಪ್ರಕಟಿಸಿದರು.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಗ್ರಂಥವನ್ನು ತೆರೆದಿಟ್ಟ ಮಾತ್ರಕ್ಕೆ ಅದರ ತಪ್ಪುಗಳು ತಾವಾಗಿ ಹೊರಬೀಳುವುದಿಲ್ಲ; ಓದುವವರು ಬೇಕು, ಅವರಿಗೆ ಗಣಿತದ ಜ್ಞಾನವಿರಬೇಕು. ಆದರೆ ತೆರೆದಿಟ್ಟುದರಿಂದಲೇ, ಕರ್ತೃಗಳ ಪರಿಚಯವಿಲ್ಲದ ಪರದೇಶದ ವಿದ್ವಾಂಸರೂ ತಪ್ಪನ್ನು ಎತ್ತಿ ತೋರಿಸಲು ಶಕ್ಯವಾಯಿತು. ಪರಿಹಾರವು ಸರಿಯಾಗಿದೆಯೇ ಎಂದು ಜಗತ್ತು ಪರೀಕ್ಷಿಸಲು ಸಾಧ್ಯವಾಯಿತು. ತಪ್ಪೇ ಆಗದೆಂಬ ಭರವಸೆಯನ್ನು ಯಾರೂ ಕೊಡಲಾರರು. ಆದ ತಪ್ಪನ್ನು ಮುಚ್ಚಿಡಲು ಅವಕಾಶವಿಲ್ಲದಿರುವುದೇ ಮುಕ್ತ ತಂತ್ರಾಂಶದ ಮೇಲಿನ ನಂಬಿಕೆಗೆ ನಿಜವಾದ ಆಧಾರ.

ಕಿಟಕಿಯಲ್ಲಿ ಕನ್ನಡ

ಕೊನೆಯದಾಗಿ ನಮಗೆ ಹತ್ತಿರವಾದ ಒಂದು ವಿಷಯ. ಈ ಕಿಟಕಿಯಲ್ಲಿ ಕನ್ನಡವನ್ನು ಬರೆಯಬಹುದೇ? ಸಾಗಿಸುವುದಕ್ಕೇನೂ ತೊಂದರೆಯಿಲ್ಲ. ಜಗತ್ತಿನ ಲಿಪಿಗಳನ್ನೆಲ್ಲ ಒಂದೇ ಕ್ರಮದಲ್ಲಿ ಕಳುಹಿಸುವ ಯುಟಿಎಫ್-೮ ಎಂಬ ವಿಧಾನವನ್ನು ೧೯೯೨ರಲ್ಲಿ ರೂಪಿಸಿದವರಲ್ಲಿ ಮೇಲೆ ಹೇಳಿದ ಕೆನ್ ಥಾಂಪ್ಸನ್ನರೇ ಒಬ್ಬರು; ರಾಬ್ ಪೈಕ್ ಇನ್ನೊಬ್ಬರು. ಅದರಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. 'ಕನ್ನಡ' ಎಂಬ ಪದದಲ್ಲಿ ಕ, ನ, ಹಲಂತದ ಚಿಹ್ನೆ, ನ, ಡ ಎಂದು ಐದು ಸಂಕೇತಗಳು. ಒಟ್ಟು ೧೫ ಬೈಟ್. ೯೬೦೦ರ ವೇಗದಲ್ಲಿ ಇವು ಸೆಕೆಂಡಿನ ಅರುವತ್ತನಾಲ್ಕರಲ್ಲಿ ಒಂದು ಪಾಲಿನ ಹೊತ್ತಿನಲ್ಲಿ ತಲಪುತ್ತವೆ.

ತೊಂದರೆಯಿರುವುದು ತೋರಿಸುವುದರಲ್ಲಿ. ದೂರಮುದ್ರಕದ ಕಾಲದಿಂದಲೂ ಟರ್ಮಿನಲ್ ಎಂಬುದು ಚೌಕುಳಿಗಳ ಮಣೆ, ಮನೆಗೊಂದು ಅಕ್ಷರ. ನಮ್ಮ ಲಿಪಿಯು ಹಾಗಲ್ಲ. ಒತ್ತಕ್ಷರವು ಕೆಳಗಿಳಿಯುತ್ತದೆ, ಗುಣಿತದ ಚಿಹ್ನೆಯು ಅಕ್ಷರದೊಡನೆ ಬೆಸೆದುಕೊಳ್ಳುತ್ತದೆ, ಸಂಕೇತಗಳು ಐದಾದರೂ ಕಣ್ಣಿಗೆ ಕಾಣುವ ಅಕ್ಷರಗಳು ಮೂರೇ. ಈ ಐದು ಸಂಕೇತಗಳಿಗೆ ಎಷ್ಟು ಮನೆಗಳೆಂಬುದರಲ್ಲಿ ಈ ಕಡೆಯ ಕಿಟಕಿಗೂ ಆ ಕಡೆಯ ಯಂತ್ರಕ್ಕೂ ಒಮ್ಮತವಿಲ್ಲದೆ ಹೋದರೆ ಒತ್ತುಗಳು ಬಿಡಿಬಿಡಿಯಾಗಿ ಕಾಣುತ್ತವೆ, ಸಾಲು ಕಲಸಿಹೋಗುತ್ತದೆ. ಇಂದಿಗೂ ಅನೇಕ ಟರ್ಮಿನಲ್ ತಂತ್ರಾಂಶಗಳಲ್ಲಿ ಕನ್ನಡದ ಅವಸ್ಥೆ ಹೀಗೆಯೇ ಇದೆ.

ಇದು ಯಾರ ದ್ವೇಷದ ಫಲವೂ ಅಲ್ಲ. ಅವುಗಳನ್ನು ಕಟ್ಟಿದವರಲ್ಲಿ ಹೆಚ್ಚಿನವರಿಗೆ ನಮ್ಮ ಅಕ್ಷರಗಳ ಪರಿಚಯವಿಲ್ಲ. ನಮ್ಮ ಅಕ್ಷರಗಳನ್ನು ಬಲ್ಲವರಲ್ಲಿ ಆ ಆಕರವನ್ನು ತೆರೆದು ನೋಡಿದವರು ವಿರಳ. ಮುಚ್ಚಿದ ತಂತ್ರಾಂಶವಾಗಿದ್ದರೆ ಒಡೆಯನಿಗೆ ಅರ್ಜಿ ಬರೆದು ಕಾಯುವುದಲ್ಲದೆ ಬೇರೆ ಗತಿಯಿರುತ್ತಿರಲಿಲ್ಲ. ಇಲ್ಲಾದರೋ ಪುಸ್ತಕವು ತೆರೆದಿದೆ. ಒತ್ತಕ್ಷರದ ನಿಯಮವನ್ನು ಎಳವೆಯಿಂದಲೇ ಬಲ್ಲ ಕನ್ನಡ ಶಾಲೆಯ ವಿದ್ಯಾರ್ಥಿಯು ಮುಂದೆ ಗಣಿತವನ್ನೂ ತಂತ್ರಾಂಶ ರಚನೆಯನ್ನೂ ಕಲಿತರೆ, ಈ ತಿದ್ದುಪಾಟಿಗೆ ಅವನಿಗಿಂತ ಅಥವಾ ಅವಳಿಗಿಂತ ಯೋಗ್ಯರು ಬೇರೆ ದೊರೆಯಲಾರರು.

ಆದುದರಿಂದ ನಮ್ಮ ಕಿರಿಯರು ಶಾಲೆಯ ಮೂಲೆಯಲ್ಲಿ ಬಿದ್ದಿರುವ ಹಳೆಯ ಕಂಪ್ಯೂಟರನ್ನೂ ಅಲ್ಪ ಬೆಲೆಯ ಫಲಕವೊಂದನ್ನೂ ಮೂರು ತಂತಿಗಳಿಂದ ಜೋಡಿಸಿ, ವೋಲ್ಟನ್ನು ನೋಡಿಕೊಂಡು, ಅಧ್ಯಾಪಕರ ಸಮಕ್ಷಮದಲ್ಲಿ ಈ ಕಿಟಕಿಯನ್ನೊಮ್ಮೆ ತೆರೆದು ನೋಡಲಿ. ಮೊದಲು ಬರುವುದು ಅರ್ಥವಿಲ್ಲದ ಚಿಹ್ನೆಗಳಾದರೆ ಎದೆಗುಂದದೆ ವೇಗವನ್ನು ಸರಿಪಡಿಸಲಿ. ಯಂತ್ರವು ಕೊಡುವ ಮೊದಲ ಉತ್ತರವು ಪರದೆಯ ಮೇಲೆ ಮೂಡಿದಾಗ, ಅದರ ಹಿಂದೆ ಕೆಲಸಮಾಡಿದ ತಂತ್ರಾಂಶದ ಆಕರವನ್ನೂ ತೆರೆದು ಓದಲಿ. ಮೊದಲ ದಿನ ಒಂದು ಪುಟ ಅರ್ಥವಾದರೂ ಸಾಕು.